ಐಸ್ಲೆಂಡಿನಲ್ಲಿ ಮಕ್ಕಳ ಸಂಜೆ

2024ನೆಯ ಇಸವಿಯ ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಹಂಚಿ ಮುಗಿಸಿದ ಎರಡನೆಯ ದಿನ ನಾವೂ ನಮ್ಮ ಮನೆಯವರೂ ಮೈಸೂರಿನಿಂದ ಹೊರಟು, ಬೆಂಗಳೂರಿನಲ್ಲಿ ವಿಮಾನವನ್ನೇರಿ, ಲಂಡನ್ನಿನ ಮಾರ್ಗವಾಗಿ ಐಸ್ಲೆಂಡ್ ದ್ವೀಪವನ್ನು ಸೇರಿದೆವು. ನಡುಚಳಿಗಾಲದಲ್ಲಿ ಅಂತಹ ಹಿಮಭೂಮಿಗೆ ಹೋಗುವ ಬುದ್ಧಿ ಅರವತ್ತು ದಾಟಿದವರಿಗೆ ಹೇಗೆ ಬಂದಿತೆಂದು ವಾಚಕರು ಕೇಳಬಹುದು. ದೇಶ ನೋಡುವ ಆಸೆಯಿಂದ ಹೋದವರಲ್ಲ ನಾವು. ನಮ್ಮ ಮನೆಯವರ ತಂಗಿಯ ಮಗಳು ಗಂಡನೊಡನೆ ಆ ದೇಶದ ರಾಜಧಾನಿಯಾದ ರೇಕ್ಯಾವಿಕ್ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾಳೆ. ಅವರಿಗೆ ಹನ್ನೆರಡು ತುಂಬುತ್ತಿದ್ದ ಒಬ್ಬನೇ ಮಗ. ಹೋದ ದಸರೆಯ ಹೊತ್ತಿಗೆ ಅವಳಿಂದ ಒಂದು ಕಾಗದ ಬಂದಿತ್ತು.

"ದೊಡ್ಡಮ್ಮಾ, ಇವನು ಇಲ್ಲಿ ಯಾರೊಡನೆಯೂ ಸೇರುವುದಿಲ್ಲ. ಶಾಲೆಯಿಂದ ಬಂದವನು ಕೋಣೆಯ ಬಾಗಿಲು ಹಾಕಿಕೊಂಡು ಫೋನು ಹಿಡಿದು ಕೂರುತ್ತಾನೆ. ನಾವು ಕೆಲಸದಿಂದ ಬರುವುದರೊಳಗೆ ಮೂರು ಗಂಟೆ ಹಾಗೆಯೇ ಕಳೆದಿರುತ್ತದೆ. ನೀವೂ ದೊಡ್ಡಪ್ಪನವರೂ ಬಂದು ಕೆಲವು ವಾರ ಇದ್ದು, ಹಿಂದಿರುಗುವಾಗ ಇವನನ್ನು ಮೈಸೂರಿಗೆ ಕರೆದುಕೊಂಡು ಹೋಗಿ. ನಿಮ್ಮ ಮನೆಯಲ್ಲಿದ್ದು ಓದಲಿ" ಎಂದು ಬರೆದಿದ್ದಳು.

ಹೆತ್ತವಳು ಒಬ್ಬನೇ ಮಗನನ್ನು ಸಾವಿರಾರು ಮೈಲಿಗಳಾಚೆ ಕಳುಹಿಸಲು ಒಪ್ಪಬೇಕಾದರೆ ಅವಳ ಮನಸ್ಸು ಎಷ್ಟು ನೊಂದಿರಬೇಕು! ನಾವು ಒಂದು ಶಾಲೆಯಲ್ಲಿ ಅವನಿಗೆ ಸ್ಥಳವಿದೆಯೇ ಎಂದು ವಿಚಾರಿಸಿ, ಮಹಡಿಯ ಕೋಣೆಗೆ ಸುಣ್ಣ ಬಣ್ಣ ಹೊಡೆಸಿ, ಆ ಮೇಲೆಯೇ ಪ್ರಯಾಣಕ್ಕೆ ಸಿದ್ಧರಾದೆವು.

ಕೆಫ್ಲಾವಿಕ್ ವಿಮಾನ ನಿಲ್ದಾಣದಿಂದ ರೇಕ್ಯಾವಿಕ್‌ಗೆ ಐವತ್ತು ಕಿಲೋಮೀಟರು. ದಾರಿಯುದ್ದಕ್ಕೂ ಮರವೆಂಬುದಿಲ್ಲ. ಬೆಂಕಿಯ ಬೆಟ್ಟಗಳು ಎಂದೋ ಕಾರಿದ ಕರಿಯ ಕಲ್ಲು, ಅದರ ಮೇಲೆ ಪಾಚಿ, ಪಾಚಿಯ ಮೇಲೆ ಹಿಮ. ನಾವು ಊರು ಬಿಡುವ ಮೂರು ದಿನ ಮೊದಲು, ಜನವರಿ 14ರಂದು, ಅದೇ ಪ್ರಾಂತದ ಗ್ರಿಂಡಾವಿಕ್ ಎಂಬ ಮೀನುಗಾರರ ಊರಿನ ಅಂಚಿನಲ್ಲಿ ನೆಲ ಬಿರಿದು ಬೆಂಕಿಯ ಹೊನಲು ಹರಿದು ಮೂರು ಮನೆಗಳನ್ನು ಸುಟ್ಟಿತ್ತು. ಈ ದ್ವೀಪವು ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆ ಮಾತ್ರ ನಾಲ್ಕು ಲಕ್ಷಕ್ಕೂ ಕಡಿಮೆ. ಇಡೀ ದೇಶದ ಜನವನ್ನು ತಂದರೂ ನಮ್ಮ ಮೈಸೂರು ನಗರ ತುಂಬಲಾರದು.

ಅಲ್ಲಿ ನಮ್ಮನ್ನು ಮೊದಲು ಕಂಗೆಡಿಸಿದುದು ಚಳಿಯಲ್ಲ, ಕತ್ತಲೆ. ಬೆಳಗ್ಗೆ ಹತ್ತೂ ಮುಕ್ಕಾಲಾದರೂ ಸೂರ್ಯನ ಸುಳಿವಿಲ್ಲ. ಮಧ್ಯಾಹ್ನ ನಾಲ್ಕೂವರೆಗೆ ಅವನು ಮುಳುಗಿಯೂ ಆಯಿತು. ಸಂಧ್ಯಾವಂದನೆಯನ್ನು ಯಾವ ಹೊತ್ತಿಗೆ ಮಾಡಬೇಕೆಂಬುದೇ ನಮಗೆ ಒಂದು ಸಮಸ್ಯೆಯಾಯಿತು. ಮನೆಯೊಳಗೇನೋ ಬೇಕಾದಷ್ಟು ಬೆಚ್ಚಗೆ; ಭೂಮಿಯ ಒಡಲಿನಿಂದ ಬರುವ ಬಿಸಿನೀರನ್ನು ಕೊಳವೆಗಳ ಮೂಲಕ ಮನೆಮನೆಗೂ ಹರಿಯಿಸಿದ್ದಾರೆ. ಅಡಿಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿದ್ದ ಒಂದು ಸಣ್ಣ ಫಲಕ ನಮ್ಮ ಕಣ್ಣಿಗೆ ಬಿತ್ತು. ನಮ್ಮಲ್ಲಿ ರಾಹುಕಾಲದ ಪಟ್ಟಿ ತೂಗುಹಾಕುವ ಹಾಗೆ ಅದರಲ್ಲಿ ಗಂಟೆಗಳನ್ನು ಬರೆದಿತ್ತು. ವಿಚಾರಿಸಲಾಗಿ, ಅದು ಮಕ್ಕಳು ಮನೆ ಸೇರಬೇಕಾದ ಹೊತ್ತೆಂದು ತಿಳಿಯಬಂದಿತು. ಸೆಪ್ಟೆಂಬರಿನಿಂದ ಮೇ ತಿಂಗಳವರೆಗೆ ಹನ್ನೆರಡು ವರ್ಷದೊಳಗಿನವರು ರಾತ್ರಿ ಎಂಟರ ಮೇಲೆ, ಹದಿಮೂರರಿಂದ ಹದಿನಾರು ವರ್ಷದವರು ಹತ್ತರ ಮೇಲೆ, ದೊಡ್ಡವರ ಜೊತೆಯಿಲ್ಲದೆ ಬೀದಿಯಲ್ಲಿರಕೂಡದು. ಬೇಸಗೆಯಲ್ಲಿ ಬೆಳಕು ಹೆಚ್ಚಾದುದರಿಂದ ಎರಡು ಗಂಟೆಯ ಸಡಿಲಿಕೆಯುಂಟು. ಇದು ಮನೆಯ ಹಿರಿಯರ ಕಟ್ಟಪ್ಪಣೆಯಲ್ಲ, ದೇಶದ ಕಾನೂನು.

ಮೊಮ್ಮಗನನ್ನು ನಾವು ನಾಲ್ಕು ದಿನ ಸುಮ್ಮನೆ ನೋಡಿದೆವು. ತಂಟೆಕೋರನಲ್ಲ, ಮಾತಿಗೆ ಉತ್ತರ ಕೊಡುವನು, ಬಡಿಸಿದುದನ್ನು ಉಣ್ಣುವನು. ಎರಡು ಗಂಟೆಗೆ ಶಾಲೆ ಮುಗಿಯುತ್ತಲೇ ಮನೆಗೆ ಬಂದು ಕೋಣೆ ಸೇರುವನು. ಆರನೆಯ ತರಗತಿಯ ಪಾಠದಲ್ಲಿ ಅವನು ಹಿಂದೆ ಬಿದ್ದವನೇನೂ ಅಲ್ಲ. ಆದರೆ ಅವನ ಮುಖದಲ್ಲಿ ಆ ವಯಸ್ಸಿನ ಹುಡುಗರಿಗೆ ಸಹಜವಾದ ಕಳೆ ಇರಲಿಲ್ಲ. "ನಿನ್ನ ಸ್ನೇಹಿತರು ಯಾರಪ್ಪ?" ಎಂದು ನಮ್ಮ ಮನೆಯವರು ಕೇಳಿದುದಕ್ಕೆ, "ಎಲ್ಲರೂ ಆಟಕ್ಕೆ ಹೋಗುತ್ತಾರೆ ಅಜ್ಜಿ" ಎಂದನು. ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲವೆಂದು ಆಗ ನಮಗೆ ತೋರಿತು. ಅದೇ ಸರಿಯಾದ ಉತ್ತರವೆಂದು ಆಮೇಲೆ ತಿಳಿಯಿತು.

ಕಿಟಕಿಯ ಬಳಿ ಕುಳಿತರೆ ಪ್ರತಿದಿನವೂ ಒಂದು ನೋಟ ಕಾಣುತ್ತಿತ್ತು. ಮೂರು ಗಂಟೆಯ ಮೇಲೆ, ಮಬ್ಬುಗತ್ತಲೆಯಲ್ಲಿ, ಹಿಮದ ಹಾದಿಯಲ್ಲಿ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಸಾಲುಗಟ್ಟಿ ಹೋಗುತ್ತಿದ್ದುವು. ಅವು ಮಕ್ಕಳ ಅಂಗಿಗಳಿಗೆ ಹೊಲಿದ ಹೊಳೆಯುವ ಪಟ್ಟಿಗಳು. ವಾಹನದ ದೀಪ ಬಿದ್ದರೆ ಬೆಳಗುವುವು. ಹತ್ತು ಹನ್ನೆರಡು ವರ್ಷದ ಹುಡುಗರೂ ಹುಡುಗಿಯರೂ ಬೆನ್ನಿಗೆ ಚೀಲ ಹಾಕಿಕೊಂಡು, ತಂದೆತಾಯಿಗಳ ಕೈ ಹಿಡಿಯದೆ, ಕೇಕೆ ಹಾಕುತ್ತ ಒಂದೇ ದಿಕ್ಕಿಗೆ ನಡೆಯುವರು. ಎರಡು ಗಂಟೆಯ ನಂತರ ಕೆಂಪೇರಿದ ಮುಖಗಳೊಡನೆ ಅದೇ ಹಾದಿಯಲ್ಲಿ ಹಿಂದಿರುಗುವರು. ಆ ದಿಕ್ಕಿನಲ್ಲಿ ಬಡಾವಣೆಯ ಆಟದ ಕ್ಲಬ್ಬು ಇತ್ತು. ನಮ್ಮ ಹುಡುಗನೂ ತನ್ನ ಕೋಣೆಯ ಕಿಟಕಿಯಿಂದ ಅದನ್ನೇ ನೋಡುತ್ತಿದ್ದನೆಂಬುದು ಒಂದು ದಿನ ಅಕಸ್ಮಾತ್ತಾಗಿ ನಮಗೆ ಗೊತ್ತಾಯಿತು.

ಎರಡನೆಯ ವಾರದಲ್ಲಿ ಒಂದು ಸಂಜೆ ಯಾರೋ ಬಾಗಿಲು ತಟ್ಟಿದರು. ನಾಲ್ಕು ಮನೆಯಾಚೆಯ ಒಬ್ಬ ತಾಯಿ. ಆಕೆಯ ಮಗನೂ ನಮ್ಮ ಹುಡುಗನೂ ಒಂದೇ ತರಗತಿ. ಕೈಯಲ್ಲಿ ಒಂದು ಜೊತೆ ಹಳೆಯ ಬೂಟು. ಆ ವಯಸ್ಸಿನ ಕಾಲ್ಚೆಂಡಿನ ಗುಂಪಿಗೆ ಹುಡುಗರನ್ನು ಕೂಡಿಸುವ ಕೆಲಸವನ್ನು ಆ ವರ್ಷ ತಾಯಿತಂದೆಗಳ ಪೈಕಿ ಆಕೆ ವಹಿಸಿಕೊಂಡಿದ್ದಳಂತೆ. "ನಾಳೆ ನಾಲ್ಕು ಗಂಟೆಗೆ ಅಭ್ಯಾಸವಿದೆ, ನನ್ನ ಮಗನೊಡನೆ ಇವನೂ ಬರಲಿ. ಮೊದಲ ಕೆಲವು ದಿನ ಏನೂ ಕೊಡಬೇಕಾಗಿಲ್ಲ. ಬೂಟು ನನ್ನ ದೊಡ್ಡ ಮಗನದು, ಅಳತೆ ಸರಿಹೋಗಬಹುದು" ಎಂದು ಇಂಗ್ಲಿಷಿನಲ್ಲಿ ಹೇಳಿ, ಕಾಫಿಯನ್ನೂ ಕುಡಿಯದೆ ಹೊರಟುಹೋದಳು.

ಆಕೆ ಹೋದ ಮೇಲೆ ಮನೆಯಲ್ಲಿ ಸಣ್ಣದೊಂದು ಸಭೆಯೇ ನಡೆಯಿತು. ನಮ್ಮ ಮಗಳಿಗೆ ನೂರು ಸಂದೇಹ. ಚಳಿಯಲ್ಲಿ ಕಫ ಕಟ್ಟೀತು, ಕಾಲು ಉಳುಕೀತು, ಆ ಭಾಷೆ ಇವನಿಗೆ ಇನ್ನೂ ಸರಿಯಾಗಿ ಬಾರದು, ನಕ್ಕಾರು, ಅಲ್ಲದೆ ಲೆಕ್ಕದ ಅಭ್ಯಾಸಕ್ಕೆ ಇರುವುದೇ ಆ ಹೊತ್ತು. ಅಳಿಯಂದಿರು ಬಾಯಿ ಬಿಡಲಿಲ್ಲ. ಕಡೆಗೆ ನಮ್ಮ ಮನೆಯವರು, "ಹೋಗಿ ಬರಲಿ ಬಿಡಮ್ಮ. ಬೇಡವೆನಿಸಿದರೆ ನಾವು ಇವನನ್ನು ಕರೆದುಕೊಂಡು ಹೊರಡುವುದು ಇದ್ದೇ ಇದೆಯಲ್ಲ. ಮನೆ ಬಾಗಿಲಿಗೆ ಬಂದು ಕರೆದವರಿಗೆ ಇಲ್ಲವೆನ್ನಬಾರದು" ಎಂದರು. ಹುಡುಗನು ಮಾತಾಡದೆ ಬೂಟನ್ನು ಎತ್ತಿಕೊಂಡು ಕೋಣೆಗೆ ಹೋದನು.

ಮರುದಿನ ನಾವೂ ಹಿಂದೆಯೇ ಹೋದೆವು. ಕ್ಲಬ್ಬೆಂದರೆ ನಮ್ಮಲ್ಲಿ ಇಸ್ಪೀಟಿನ ಮೇಜೂ ಒರಗುಕುರ್ಚಿಯೂ ಮನಸ್ಸಿಗೆ ಬರುತ್ತವೆ. ಅಲ್ಲಿ ಹಾಗಲ್ಲ. ಬಡಾವಣೆಗೊಂದರಂತೆ ಕ್ಲಬ್ಬು, ಕೆಲವು ಬಹು ಹಳೆಯವು, ರೇಕ್ಯಾವಿಕ್‌ನ ಕೆ.ಆರ್. ಎಂಬುದು 1899ರಲ್ಲಿ ಹುಟ್ಟಿದುದು, ವಾಲುರ್ ಎಂಬುದು 1911ರಲ್ಲಿ. ಒಂದೇ ಕ್ಲಬ್ಬಿನಲ್ಲಿ ಕಾಲ್ಚೆಂಡು, ಕೈಚೆಂಡು, ಬ್ಯಾಸ್ಕೆಟ್‌ಬಾಲ್ ಮುಂತಾದ ಹಲವು ಆಟಗಳು. ಆಡುವವರು ಆರು ವರ್ಷದ ಕೂಸುಗಳಿಂದ ಹಿಡಿದು ದೊಡ್ಡವರವರೆಗೆ. ನೆಲವನ್ನೂ ಕಟ್ಟಡವನ್ನೂ ಒದಗಿಸುವುದು ಬಹುಮಟ್ಟಿಗೆ ಪುರಸಭೆ. ಆಡಳಿತ ನಡೆಸುವುದು ಬಡಾವಣೆಯ ಜನ, ಅದೂ ಸಂಬಳವಿಲ್ಲದೆ. ಮೈದಾನಕ್ಕೆ ಕೃತಕ ಹುಲ್ಲು ಹಾಸಿ, ಹಿಮ ಕಟ್ಟದಂತೆ ಅದರ ಕೆಳಗೆ ಬಿಸಿನೀರಿನ ಕೊಳವೆಗಳನ್ನು ಹಾಯಿಸಿದ್ದರು. ದೀಪಸ್ತಂಭಗಳ ಬೆಳಕಿನಲ್ಲಿ ಅರುವತ್ತು ಮಕ್ಕಳು ಓಡುತ್ತಿದ್ದರು. ಅವರ ಉಸಿರು ಮೋಡದಂತೆ ಮೇಲೇಳುತ್ತಿತ್ತು.

ಅಲ್ಲಿ ನಮಗೆ ಎರಡು ಸಂಗತಿಗಳು ವಿಶೇಷವಾಗಿ ಕಂಡುವು. ಮೊದಲನೆಯದು, ಮಕ್ಕಳನ್ನು ಆರಿಸುವ ಪದ್ಧತಿಯೇ ಇಲ್ಲದಿರುವುದು. ಬಂದವರಿಗೆಲ್ಲ ಸ್ಥಳವುಂಟು. ಚೆನ್ನಾಗಿ ಆಡುವವರದು ಒಂದು ತಂಡವಾದರೆ, ಅವರಿಗಿಂತ ಕಡಿಮೆಯವರದು ಎರಡನೆಯದು, ಹೀಗೆ ಮೂರು ನಾಲ್ಕು ತಂಡಗಳು. ಪ್ರತಿಯೊಂದು ತಂಡಕ್ಕೂ ಅದಕ್ಕೆ ಸಮಾನವಾದ ಎದುರಾಳಿಗಳೊಡನೆ ಪಂದ್ಯಗಳನ್ನು ಗೊತ್ತುಮಾಡುವರು. ಹೊರಗೆ ನಿಂತು ನೀರಿನ ಚೆಂಬು ಹಿಡಿಯುವ ಹುಡುಗನೆಂಬುವನಿಲ್ಲ. ಎರಡನೆಯದು, ಕಲಿಸುವವರ ಯೋಗ್ಯತೆ. ನಮ್ಮಲ್ಲಿ ದೊಡ್ಡ ಪಂದ್ಯಗಳ ಆಟಗಾರರಿಗೆ ಮಾತ್ರ ಗುರುಗಳು ದೊರೆಯುವರು. ಅಲ್ಲಿ ಹತ್ತು ವರ್ಷದವರಿಗೆ ಚೆಂಡೊದೆಯಲು ಕಲಿಸುವವನೂ ಅದಕ್ಕಾಗಿಯೇ ಓದಿ, ಯೂರೋಪಿನ ಕಾಲ್ಚೆಂಡಿನ ಸಂಘದ ಪರೀಕ್ಷೆ ಮುಗಿಸಿ, ಸಂಬಳ ಪಡೆಯುವವನು. ನಮ್ಮ ಹುಡುಗನಿಗೆ ಅಂದು ಚೆಂಡು ನಾಲ್ಕೋ ಐದೋ ಸಲ ಸಿಕ್ಕಿತು. ಸಿಕ್ಕಾಗಲೆಲ್ಲ ಎಲ್ಲಿಗೋ ಹೋಯಿತು. ಯಾರೂ ನಗಲಿಲ್ಲ. ನಕ್ಕವನು ಒಬ್ಬನೇ, ಅವನೇ.

ಇಷ್ಟೆಲ್ಲ ಏರ್ಪಾಡು ಏಕೆ ಬಂದಿತೆಂಬ ಕುತೂಹಲ ನಮಗೆ ಹುಟ್ಟಿತು. ಅದಕ್ಕೆ ಉತ್ತರ ದೊರೆತುದು ಈಜುಕೊಳದಲ್ಲಿ. ಆ ಊರಿನವರಿಗೆ ಬಯಲಿನ ಬಿಸಿನೀರ ಕೊಳವೇ ನಮ್ಮ ಅರಳಿಕಟ್ಟೆ. ತಲೆಯ ಮೇಲೆ ಹಿಮ ಬೀಳುತ್ತಿರಲು ಕೊರಳವರೆಗೆ ಬಿಸಿನೀರಿನಲ್ಲಿ ಕುಳಿತು ಹರಟೆ ಹೊಡೆಯುವರು. ಸೋಪು ಹಚ್ಚಿ ಸ್ನಾನ ಮಾಡಿಯೇ ಕೊಳಕ್ಕೆ ಇಳಿಯಬೇಕೆಂಬ ಕಟ್ಟುಪಾಡು ನಮ್ಮ ಮಡಿಯವರನ್ನೂ ಮೀರಿಸುವುದು. ಅಲ್ಲಿ ಪರಿಚಯವಾದ ಒಬ್ಬ ವೃದ್ಧ ಉಪಾಧ್ಯಾಯರು, ಈಗ ವಿಶ್ರಾಂತಿಯಲ್ಲಿರುವವರು, ಹಳೆಯ ಕಥೆಯನ್ನು ಹೇಳಿದರು.

ಮೂವತ್ತು ವರ್ಷಗಳ ಹಿಂದೆ ಶುಕ್ರವಾರದ ರಾತ್ರಿ ರೇಕ್ಯಾವಿಕ್‌ನ ಪೇಟೆಬೀದಿಯಲ್ಲಿ ಮರ್ಯಾದಸ್ಥರು ನಡೆಯಲು ಹಿಂಜರಿಯುತ್ತಿದ್ದರಂತೆ. ಹದಿನಾಲ್ಕು ಹದಿನೈದು ವರ್ಷದ ಮಕ್ಕಳು ಗುಂಪುಗುಂಪಾಗಿ ಕುಡಿದು ತೂರಾಡುತ್ತಿದ್ದರು. "ಸೋಮವಾರ ಅದೇ ಮಕ್ಕಳಿಗೆ ನಾವು ವ್ಯಾಕರಣ ಹೇಳುತ್ತಿದ್ದೆವು. ಕುಡಿತದ ಕೇಡನ್ನು ಕುರಿತು ಉಪನ್ಯಾಸವನ್ನೂ ಮಾಡುತ್ತಿದ್ದೆವು. ಅವರು ಶಾಂತವಾಗಿ ಕೇಳಿಕೊಂಡು ಹೋಗಿ ಮತ್ತೆ ಶುಕ್ರವಾರ ಕುಡಿಯುತ್ತಿದ್ದರು" ಎಂದು ಆ ಮಹನೀಯರು ನಕ್ಕರು.

1998ರಲ್ಲಿ ವಿಚಾರಿಸಿದಾಗ ಹದಿನೈದು ಹದಿನಾರು ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದವರು. ನೂರಕ್ಕೆ 23 ಮಂದಿ ಪ್ರತಿದಿನ ಹೊಗೆ ಸೇದುವವರು. ಇಂಗಾ ಡೋರಾ ಸಿಗ್‌ಫೂಸ್‌ಡೋಟಿರ್ ಎಂಬ ಸಮಾಜಶಾಸ್ತ್ರಜ್ಞೆಯೂ ಆಕೆಯ ಜೊತೆಗಾರರೂ ಶಾಲೆಶಾಲೆಯ ಉತ್ತರಗಳನ್ನು ಕೂಡಿಸಿ ನೋಡಿದರು. ಹಾರ್ವೆ ಮಿಲ್ಕ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ವಿಚಾರಗಳೂ ಅವರಿಗೆ ನೆರವಾದುವು. ಮದ್ಯದಲ್ಲಿ ಹುಡುಗನು ಹುಡುಕುವ ಉಲ್ಲಾಸವನ್ನು ಆಟ, ಸಂಗೀತ, ಕುಣಿತಗಳಿಂದಲೇ ಕೊಡಬಹುದೆಂಬುದು ಮಿಲ್ಕ್‌ಮನ್‌ರ ಮತ. ಉತ್ತರಗಳಲ್ಲಿ ಕಂಡುಬಂದುದೇನೆಂದರೆ: ವಾರಕ್ಕೆ ಮೂರು ನಾಲ್ಕು ಸಲ ಕ್ರಮವಾಗಿ ಆಟಕ್ಕೆ ಹೋಗುವ ಮಕ್ಕಳೂ, ವಾರದ ದಿನಗಳಲ್ಲಿ ತಂದೆತಾಯಿಗಳ ಜೊತೆ ಹೊತ್ತು ಕಳೆಯುವ ಮಕ್ಕಳೂ, ರಾತ್ರಿ ಹೊರಗೆ ಅಲೆಯದ ಮಕ್ಕಳೂ ಕುಡಿತಕ್ಕೆ ಸಿಕ್ಕುವುದು ಬಹಳ ಕಡಿಮೆ. ಹೀಗೆಂದು ತಿಳಿದ ಮೇಲೆ ಅವರು ಮಕ್ಕಳಿಗೆ ಬುದ್ಧಿ ಹೇಳುವುದನ್ನು ಕಡಿಮೆಮಾಡಿ, ಮಕ್ಕಳ ಸುತ್ತಲಿನ ಊರನ್ನು ತಿದ್ದಲು ಹೊರಟರು. ಹದಿನೆಂಟರೊಳಗಿನವರಿಗೆ ಹೊಗೆಸೊಪ್ಪನ್ನೂ ಇಪ್ಪತ್ತರೊಳಗಿನವರಿಗೆ ಮದ್ಯವನ್ನೂ ಮಾರಕೂಡದೆಂಬ ಕಟ್ಟಳೆಯೊಡನೆ ಮೇಲೆ ಹೇಳಿದ ಗಂಟೆಗಳ ಕಾನೂನೂ ಸೇರಿತು. ಆದರೆ ಬೇಡವೆಂದು ತಡೆದರೆ ಸಾಲದು, ಹೋಗಲು ಒಂದು ಸ್ಥಳವಿರಬೇಕಲ್ಲವೇ? ಆ ಸ್ಥಳವೇ ಈ ಕ್ಲಬ್ಬುಗಳು.

ಇದಕ್ಕೆ ಹಣವನ್ನು ಹೇಗೆ ಒದಗಿಸುವರೆಂಬುದು ಗೃಹಸ್ಥರು ಗಮನಿಸತಕ್ಕ ವಿಷಯ. 2007ರಿಂದ ರೇಕ್ಯಾವಿಕ್ ಪುರಸಭೆಯವರು ಆರರಿಂದ ಹದಿನೆಂಟು ವರ್ಷದವರೆಗಿನ ಪ್ರತಿಯೊಂದು ಮಗುವಿನ ಹೆಸರಿನಲ್ಲಿಯೂ ವರ್ಷಕ್ಕೆ ಇಂತಿಷ್ಟೆಂದು ಹಣವನ್ನು ತೆಗೆದಿಡುವರು. ನಾವು ಹೋದ ವರ್ಷ ಅದು 75,000 ಕ್ರೋನಾ, ನಮ್ಮ ಲೆಕ್ಕದಲ್ಲಿ ಸುಮಾರು ನಲವತ್ತೈದು ಸಾವಿರ ರೂಪಾಯಿ. ಈ ಹಣವು ತಂದೆಯ ಕೈಗೆ ಬರುವುದಿಲ್ಲ. ಮಗು ಯಾವ ಆಟವನ್ನೋ ಸಂಗೀತವನ್ನೋ ಕಲಿಯಲು ಸೇರುವುದೋ ಆ ಸಂಸ್ಥೆಗೆ ನೇರವಾಗಿ ಸಲ್ಲುವುದು. ದೇಶದಲ್ಲಿ ನಡೆಯುವ ಲಾಟರಿಯ ಲಾಭದಲ್ಲಿಯೂ ಆಟದ ಸಂಘಗಳಿಗೆ ಒಂದು ಪಾಲುಂಟು. ಶಾಲೆಗಳ ಪಕ್ಕದಲ್ಲಿ ನೂರಕ್ಕೂ ಮೇಲ್ಪಟ್ಟು ಸಣ್ಣ ಕಾಲ್ಚೆಂಡಿನ ಅಂಗಣಗಳನ್ನು ಕಟ್ಟಿದ್ದಾರೆ. ಹಿಮಗಾಳಿಗೆ ಅಂಜಿ ಆಟ ನಿಲ್ಲಬಾರದೆಂದು 2000ದಲ್ಲಿ ಕೆಫ್ಲಾವಿಕ್‌ನಲ್ಲಿ ಇಡೀ ಮೈದಾನಕ್ಕೇ ಸೂರು ಕಟ್ಟಿದರು. ಆಮೇಲೆ ಅಂತಹವು ಇನ್ನೂ ಹಲವು ಎದ್ದುವು.

ಹಣಕ್ಕಿಂತ ದೊಡ್ಡ ದಾನವೆಂದರೆ ತಾಯಿತಂದೆಗಳ ಹೊತ್ತು. ಶುಕ್ರವಾರದ ರಾತ್ರಿ ಪಾಳಿಯ ಪ್ರಕಾರ ನಾಲ್ಕಾರು ಮಂದಿ ಹೆತ್ತವರು ಕೂಡಿ ಬಡಾವಣೆಯನ್ನು ಸುತ್ತಿ ಬರುವ ವಾಡಿಕೆ ಅಲ್ಲಿದೆ. ಒಂದು ಸಲ ಅಳಿಯಂದಿರ ಪಾಳಿಯಲ್ಲಿ ನಾವೂ ಹೋಗಿದ್ದೆವು. ಕೋಲಿಲ್ಲ, ಸೀಟಿಯಿಲ್ಲ. ಶಾಲೆಯ ಹಿಂದೆ ಮೂವರು ಹುಡುಗರು ನಿಂತಿದ್ದರು. ಗುಂಪಿನ ಒಬ್ಬ ತಾಯಿ ಅವರನ್ನು ಹೆಸರು ಹಿಡಿದು ಮಾತಾಡಿಸಿ, ನಾಳೆ ಪಂದ್ಯ ಎಷ್ಟು ಹೊತ್ತಿಗೆಂದು ಕೇಳಿದಳು. ಅವರು ಉತ್ತರ ಹೇಳಿ ಮನೆಯ ಕಡೆ ಹೊರಟರು. ಆಗಿದ್ದುದು ಇಷ್ಟೇ. ನಮ್ಮ ಚಿಕ್ಕಂದಿನಲ್ಲಿ ಅಗ್ರಹಾರದ ಜಗಲಿಗಳ ಮೇಲೆ ಕುಳಿತ ಹಿರಿಯರು ಇದೇ ಕೆಲಸವನ್ನು ಕುಳಿತಲ್ಲಿಂದಲೇ ಮಾಡುತ್ತಿದ್ದರು!

ಇದರ ಫಲವೇನೆಂದರೆ, 2016ರ ಹೊತ್ತಿಗೆ ಕುಡಿದು ಅಮಲೇರಿದ ಮಕ್ಕಳ ಪ್ರಮಾಣ ನೂರಕ್ಕೆ 42ರಿಂದ 5ಕ್ಕೂ, ದಿನವೂ ಹೊಗೆ ಸೇದುವವರದು 23ರಿಂದ 3ಕ್ಕೂ ಇಳಿಯಿತು. ಇದೆಲ್ಲವೂ ಆಟ ಒಂದರಿಂದಲೇ ಆಯಿತೆಂದು ಹೇಳುವುದು ನ್ಯಾಯವಲ್ಲ. ಕಾನೂನು, ಹೆತ್ತವರ ಎಚ್ಚರ, ಆಟ, ಈ ಮೂರೂ ಕೂಡಿ ನಡೆದುವು. 1997ರಲ್ಲಿ ವಾರಕ್ಕೆ ನಾಲ್ಕು ಸಲವಾದರೂ ಕ್ಲಬ್ಬಿನ ಆಟಕ್ಕೆ ಹೋಗುತ್ತಿದ್ದವರು ನೂರಕ್ಕೆ 24; 2012ಕ್ಕೆ ಅದು 42 ಆಯಿತು. ಕಾಲ್ಚೆಂಡಿನಲ್ಲಿ ಈ ಪುಟ್ಟ ದೇಶವು 2016ರಲ್ಲಿ ಇಂಗ್ಲೆಂಡನ್ನು ಸೋಲಿಸಿದುದೂ, 2018ರ ವಿಶ್ವಸ್ಪರ್ಧೆಗೆ ಆಯ್ಕೆಯಾಗಿ ಅದುವರೆಗೆ ಹಾಗೆ ಆಯ್ಕೆಯಾದ ದೇಶಗಳಲ್ಲೆಲ್ಲ ಅತಿ ಚಿಕ್ಕದೆನಿಸಿದುದೂ ಲೋಕಕ್ಕೆ ತಿಳಿದಿದೆ. ಆದರೆ ಕೊಳದಲ್ಲಿನ ನಮ್ಮ ಉಪಾಧ್ಯಾಯರು ಅದನ್ನು ಕೊನೆಯಲ್ಲಿ, ಊಟವಾದ ಮೇಲಿನ ಅಡಿಕೆಲೆಯಂತೆ ಹೇಳಿದರು.

ಎಲ್ಲವೂ ಸರಿಯೆಂದು ಹೊಗಳಿ ಬರೆದರೆ ಸುಳ್ಳಾಗುವುದು. ಕ್ಲಬ್ಬಿನ ಶುಲ್ಕ, ಬೂಟು, ಪ್ರಯಾಣ ಎಲ್ಲ ಸೇರಿದರೆ ಪುರಸಭೆಯ ಹಣ ಸಾಲದು. ಉಳಿದುದನ್ನು ಮನೆಯವರು ತುಂಬಬೇಕು. ಎರಡು ಮೂರು ಮಕ್ಕಳಿದ್ದ ಮನೆಗೆ ಅದು ಭಾರ. ಅದಕ್ಕಿಂತ ಹೆಚ್ಚಿನ ಕೊರತೆಯೆಂದರೆ, ಹೊರದೇಶಗಳಿಂದ ದುಡಿಯಲು ಬಂದವರ ಮಕ್ಕಳು ಈ ಕ್ಲಬ್ಬುಗಳಲ್ಲಿ ಅಲ್ಲಿಯವರ ಮಕ್ಕಳಿಗಿಂತ ಕಡಿಮೆ ಸಂಖ್ಯೆಯಲ್ಲಿರುವುದು. ಹೇಗೆ ಸೇರಬೇಕೆಂಬುದು ಅವರ ತಂದೆತಾಯಿಗಳಿಗೆ ತಿಳಿಯದು; ಭಾಷೆ ಅಡ್ಡ ಬರುವುದು. ನಮ್ಮ ಮಗಳೂ ಅಳಿಯಂದಿರೂ ವಿದ್ಯಾವಂತರು, ಆದರೂ ಪುರಸಭೆಯ ಹಣದ ವಿಷಯ ಅವರಿಗೆ ತಿಳಿದಿರಲೇ ಇಲ್ಲ. ಏರ್ಪಾಡು ಎಷ್ಟು ಚೆನ್ನಾಗಿದ್ದರೂ ಯಾರಾದರೊಬ್ಬರು ಬೂಟು ಹಿಡಿದುಕೊಂಡು ಬಾಗಿಲು ತಟ್ಟದಿದ್ದರೆ ನಮ್ಮ ಹುಡುಗನು ಕಿಟಕಿಯಲ್ಲಿಯೇ ಉಳಿಯುತ್ತಿದ್ದನು.

ಫೆಬ್ರವರಿಯಲ್ಲಿ ಒಂದು ದಿನ ಅವನು ಕೈಯಲ್ಲಿ ಕಾಗದ ಪೆನ್ಸಿಲುಗಳನ್ನು ಹಿಡಿದು, "ತಾತ, ನನ್ನ ಜೊತೆ ಮನೆಮನೆಗೆ ಬರುತ್ತೀರಾ?" ಎಂದನು. ಜುಲೈ ಮೊದಲ ವಾರದಲ್ಲಿ ಉತ್ತರದ ಅಕುರೇರಿ ಪಟ್ಟಣದಲ್ಲಿ ಹನ್ನೊಂದು ಹನ್ನೆರಡು ವರ್ಷದ ಹುಡುಗರ ದೊಡ್ಡ ಪಂದ್ಯಾವಳಿ. 1987ರಿಂದ ನಡೆದುಬಂದಿರುವ ಅದಕ್ಕೆ ದೇಶದ ಮೂಲೆಮೂಲೆಗಳಿಂದ ಸುಮಾರು ಎರಡು ಸಾವಿರ ಮಕ್ಕಳು ಬರುವರಂತೆ. ಖರ್ಚಿಗೆ ಮಕ್ಕಳೇ ಹಣ ಕೂಡಿಸಬೇಕು. ಹೇಗೆಂದರೆ ವಾಚಕರು ನಗುವರು. ಶೌಚಾಲಯದಲ್ಲಿ ಬಳಸುವ ಕಾಗದದ ಸುರುಳಿಗಳನ್ನು ನೆರೆಹೊರೆಗೆ ಮಾರಿ! ಎಲ್ಲರ ಮನೆಗೂ ಬೇಕಾದ, ಕೆಡದ ಪದಾರ್ಥವೆಂದು ಅದನ್ನೇ ಆರಿಸಿಕೊಂಡಿದ್ದಾರೆ. ಆ ದೇಶದಲ್ಲಿ ಇದು ಎಲ್ಲ ಕ್ಲಬ್ಬುಗಳ ಮಾಮೂಲು. ಗಣಪತಿಯ ಚಂದಾ ಎತ್ತಿದ ಅನುಭವ ನಮಗಿತ್ತು. ಈ ವ್ಯಾಪಾರಕ್ಕೆ ಮಾತ್ರ ಮೊದಲು ಮುಖ ಬಾಡಿತು. ಆದರೆ ಬಾಗಿಲು ತೆರೆದವರು ಯಾರೂ ಮೂಗು ಮುರಿಯಲಿಲ್ಲ. ಒಬ್ಬ ಮುದುಕಿಯ ಮನೆಯಲ್ಲಿ ಆಗಲೇ ಇಬ್ಬರು ಹುಡುಗರಿಂದ ಕೊಂಡ ಸುರುಳಿಗಳು ಒಟ್ಟಿದ್ದುವು. ಮತ್ತೊಂದು ಕಟ್ಟನ್ನು ಬರೆಸಿದಳು. ಅರ್ಧಂಬರ್ಧ ಬರುವ ಆ ಭಾಷೆಯಲ್ಲಿ ನಮ್ಮ ಹುಡುಗನು ಹದಿನೇಳು ಮನೆಗಳವರೊಡನೆ ಮಾತಾಡಿದನು. ವರ್ಷವೆಲ್ಲ ಶಾಲೆಯಲ್ಲಿ ಅಷ್ಟು ಮಾತಾಡಿದ್ದನೋ ಇಲ್ಲವೋ.

ಅದೇ ತಿಂಗಳಲ್ಲಿ ಒಂದು ಶನಿವಾರ ಕೋಪಾವೋಗುರ್ ಎಂಬ ನೆರೆಪಟ್ಟಣದಲ್ಲಿ, 2002ರಲ್ಲಿ ಕಟ್ಟಿದ ಫೀವನ್ ಎಂಬ ಸೂರಿನ ಮೈದಾನದಲ್ಲಿ, ಅವರ ತಂಡಕ್ಕೆ ಪಂದ್ಯವಿತ್ತು. ನಮ್ಮವನಿದ್ದುದು ನಾಲ್ಕನೆಯ ತಂಡದಲ್ಲಿ. ಆರು ಗೋಲಿಗೆ ಒಂದರಂತೆ ಸೋತರು. ಆ ಒಂದು ಗೋಲು ಬಿದ್ದಾಗ ನಮ್ಮ ಮಗಳು ಎದ್ದು ಕೂಗಿದ ಕೂಗಿಗೆ ಪಕ್ಕದವರೆಲ್ಲ ತಿರುಗಿ ನೋಡಿದರು. ಗೋಲು ಹಾಕಿದವನು ಇವನಲ್ಲ, ಬೂಟು ತಂದುಕೊಟ್ಟವಳ ಮಗ. ಆ ದಿನ ನಮ್ಮ ಪಕ್ಕದಲ್ಲಿ ಕುಳಿತಿದ್ದವರು ಗ್ರಿಂಡಾವಿಕ್‌ನವರೆಂದು ತಿಳಿಯಿತು. ಹಿಂದಿನ ನವೆಂಬರ್ 10ರ ರಾತ್ರಿ ಭೂಮಿ ನಡುಗಲು, ಆ ಊರಿನ ಮೂರು ಸಾವಿರದ ಏಳುನೂರಕ್ಕೂ ಹೆಚ್ಚು ಮಂದಿ ಉಟ್ಟ ಬಟ್ಟೆಯಲ್ಲಿ ಹೊರಟುಬಂದು ಬೇರೆ ಬೇರೆ ಊರುಗಳಲ್ಲಿ ಚದರಿದ್ದರು. ಅಲ್ಲಿಯ ಮಕ್ಕಳನ್ನು ಇತರ ಊರುಗಳ ಕ್ಲಬ್ಬುಗಳು ತಮ್ಮ ಅಭ್ಯಾಸಕ್ಕೆ ಕರೆದುಕೊಂಡುವು. ಮನೆ ಯಾವಾಗ ಸಿಕ್ಕೀತೆಂದು ಗೊತ್ತಿರದ ಆ ತಂದೆ, "ಇವನಿಗೆ ಸೋಮವಾರ ನಾಲ್ಕು ಗಂಟೆಗೆ ಎಲ್ಲಿರಬೇಕೆಂಬುದಾದರೂ ಗೊತ್ತಿದೆ" ಎಂದು ಹೇಳಿದುದು ನಮ್ಮ ಮನಸ್ಸಿನಲ್ಲಿ ನಿಂತಿದೆ.

ಮಾರ್ಚ್ ಮೊದಲಲ್ಲಿ ನಾವು ಹೊರಡುವ ದಿನ ಬಂದಿತು. ಹುಡುಗನನ್ನು ಕರೆದೊಯ್ಯುವ ಮಾತನ್ನು ಯಾರೂ ಎತ್ತಲಿಲ್ಲ. ಹಿಂದಿನ ರಾತ್ರಿ ನಮ್ಮ ಮನೆಯವರೇ ಅವನನ್ನು ಹತ್ತಿರ ಕೂರಿಸಿಕೊಂಡು, "ಮೈಸೂರಿಗೆ ಬರುತ್ತೀಯೇನಪ್ಪ? ನಿನಗೆ ಕೋಣೆ ಸಿದ್ಧವಿದೆ" ಎಂದು ಕೇಳಿದರು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಬರುತ್ತೇನೆ ಅಜ್ಜಿ, ಆದರೆ ಅಕುರೇರಿ ಮುಗಿದ ಮೇಲೆ, ರಜಕ್ಕೆ" ಎಂದನು. ನಮ್ಮ ಮಗಳು ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆಗಳನ್ನು ತೊಳೆದಳು.

ಜುಲೈ ತಿಂಗಳಿನಲ್ಲಿ ಅವಳಿಂದ ಕಾಗದ ಬಂದಿತು. ಸುಮಾರು 390 ಕಿಲೋಮೀಟರು ದೂರದ ಅಕುರೇರಿಗೆ ಎಲ್ಲರೂ ಹೋಗಿದ್ದರಂತೆ. ಮಕ್ಕಳು ಅಲ್ಲಿಯ ಶಾಲೆಯ ಕೋಣೆಗಳಲ್ಲಿ ಮನೆಯಿಂದ ಒಯ್ದ ಹಾಸಿಗೆ ಹಾಸಿಕೊಂಡು ಮಲಗಿದರು. ತಾಯಿತಂದೆಗಳು ಸರದಿಯ ಮೇಲೆ ಕಾವಲಿದ್ದರು. ಅಳಿಯಂದಿರು ಒಂದು ರಾತ್ರಿ ಇಪ್ಪತ್ತು ಹುಡುಗರನ್ನು ಮಲಗಿಸಲು ಹೆಣಗಿದರು. ಆ ಕಾಲದಲ್ಲಿ ಅಲ್ಲಿ ರಾತ್ರಿಯೂ ಕತ್ತಲಾಗದಷ್ಟೆ! ತಂಡವು ಎರಡು ಪಂದ್ಯಗಳಲ್ಲಿ ಗೆದ್ದು ಉಳಿದವುಗಳಲ್ಲಿ ಸೋತಿತು. "ದೊಡ್ಡಮ್ಮಾ, ಮುಂದಿನ ಚಳಿಗಾಲಕ್ಕೆ ಹೊಸ ಹುಡುಗರನ್ನು ಕೂಡಿಸುವ ಕೆಲಸವನ್ನು ನಾನೇ ಒಪ್ಪಿಕೊಂಡಿದ್ದೇನೆ. ನಮ್ಮ ಬೀದಿಗೆ ಒಂದು ಪೋಲೆಂಡಿನ ಕುಟುಂಬ ಬಂದಿದೆ. ಇವನ ಬೂಟು ಚಿಕ್ಕದಾಗಿದೆ; ಅವರ ಹುಡುಗನಿಗೆ ಆಗಬಹುದು" ಎಂದು ಕಾಗದ ಮುಗಿದಿತ್ತು.

ಸುಣ್ಣ ಬಣ್ಣ ಹೊಡೆಸಿದ ನಮ್ಮ ಮಹಡಿಯ ಕೋಣೆ ಹಾಗೆಯೇ ಇದೆ. ಅದರ ಕಿಟಕಿಯಿಂದ ನೋಡಿದರೆ ನಮ್ಮ ಬೀದಿಯ ಕೊನೆಯಲ್ಲಿ ಮಾಧ್ಯಮಿಕ ಶಾಲೆಯ ಬಯಲು ಕಾಣುತ್ತದೆ. ನಾಲ್ಕೂವರೆಗೆ ಗಂಟೆ ಬಾರಿಸಿ ಗೇಟಿಗೆ ಬೀಗ ಹಾಕುವರು. ಕತ್ತಲಾಗಲು ಇನ್ನೂ ಎರಡು ಗಂಟೆಯ ಒಳ್ಳೆಯ ಬಿಸಿಲಿರುತ್ತದೆ. ಅಂತಹ ಬಿಸಿಲನ್ನು ಆ ದೇಶದ ಮಕ್ಕಳು ಚಳಿಗಾಲದಲ್ಲಿ ಕಂಡೇ ಅರಿಯರು. ಗೇಟಿನ ಹೊರಗೆ ಹತ್ತಾರು ಹುಡುಗರು ಸುಮ್ಮನೆ ನಿಂತಿರುವುದನ್ನು ನಾವು ವರ್ಷಗಳಿಂದ ನೋಡುತ್ತಲೇ ಇದ್ದೆವು. ಹಿಂದಿರುಗಿ ಬಂದ ತಿಂಗಳಿನಲ್ಲಿ ನಾವೂ ಬೀದಿಯ ಇನ್ನು ಇಬ್ಬರು ನಿವೃತ್ತರೂ ಕೂಡಿ ಮುಖ್ಯೋಪಾಧ್ಯಾಯರ ಬಳಿಗೆ ಹೋಗಿ, ಸಂಜೆ ಆರೂವರೆಯವರೆಗೆ ನಾವೇ ಕುಳಿತು ನೋಡಿಕೊಳ್ಳುವೆವೆಂದು ಹೇಳಿ ಬೀಗದ ಕೈಯನ್ನು ಕೇಳಿದೆವು. ಮೊದಲು ಅನುಮಾನಿಸಿದರು, ಎರಡನೆಯ ಸಲ ಹೋದಾಗ ಕೊಟ್ಟರು.